ವಿಜ್ಞಾನ ಪಾಠದಲ್ಲಿ ವಿಡಿಯೊ: ಯಾವುದನ್ನು ತೋರಿಸಬೇಕು, ಎಲ್ಲಿ ನಿಲ್ಲಿಸಬೇಕು?

ಪಿ.ಸಿ.ಎಂ. (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ಹಾವೇರಿ ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ಹಳೆಯ ವಿದ್ಯಾರ್ಥಿಗಳ ನೆರವಿನಿಂದ ನಮ್ಮ ಶಾಲೆಗೆ ದೊಡ್ಡದೊಂದು ಸ್ಮಾರ್ಟ್ ಟಿವಿ ಬಂದಿದೆ. ವಿಡಿಯೊಗಳಿಗಂತೂ ಕೊರತೆಯಿಲ್ಲ. ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇದೆ. 2017ರಲ್ಲಿ ಆರಂಭವಾದ, ಸರ್ಕಾರದ ಆನ್‌ಲೈನ್ ಕಲಿಕೆಯ ದೀಕ್ಷಾ ವೇದಿಕೆಯಲ್ಲಿ ಕನ್ನಡದ ಸಾಮಗ್ರಿ ಸಿಗುತ್ತದೆ. ಕೊರೊನಾ ಕಾಲದಲ್ಲಿ ಚಂದನ ವಾಹಿನಿಗಾಗಿ ಸಿದ್ಧಪಡಿಸಿದ ಪಾಠಗಳೂ ಯೂಟ್ಯೂಬಿನಲ್ಲಿವೆ. ನನ್ನ ಪ್ರಶ್ನೆ ಇವುಗಳ ಬಳಕೆಯನ್ನು ಕುರಿತದ್ದು.

ಒಂಬತ್ತನೆಯ ತರಗತಿಗೆ ಬಲ ಮತ್ತು ಚಲನೆಯ ನಿಯಮಗಳ ವಿಡಿಯೊ ತೋರಿಸಿದಾಗ ಮಕ್ಕಳು ಸದ್ದಿಲ್ಲದೆ ನೋಡಿದರು. ಅರ್ಥವಾಯಿತೇ ಎಂದು ಕೇಳಿದರೆ ಇಡೀ ತರಗತಿ ಹೌದು ಎಂದಿತು. ಮರುದಿನ ಕಪ್ಪುಹಲಗೆಯ ಮೇಲೆ ಮೇಲಕ್ಕೆ ಎಸೆದ ಚೆಂಡೊಂದನ್ನು ಬರೆದು, ಕೈಬಿಟ್ಟ ಮೇಲೆ ಅದು ಏರುತ್ತಿರುವಾಗ ಅದರ ಮೇಲೆ ಯಾವ ಬಲಗಳಿವೆ, ಬಾಣಗಳಿಂದ ತೋರಿಸಿ ಎಂದೆ. ಹೆಚ್ಚಿನವರು ಮೇಲ್ಮುಖವಾಗಿ ದಪ್ಪನೆಯ ಬಾಣವನ್ನೂ ಕೆಳಮುಖವಾಗಿ ಸಣ್ಣ ಬಾಣವನ್ನೂ ಎಳೆದರು. ಚೆಂಡು ತುದಿ ಮುಟ್ಟಿದಾಗ ಎರಡನ್ನೂ ಸಮ ಮಾಡಿದರು. ಕೈಬಿಟ್ಟ ಮೇಲೆ ಮೇಲಕ್ಕೆ ನೂಕುವ ಬಲವೇ ಇಲ್ಲ, ಗಾಳಿಯ ತಡೆಯನ್ನು ಬಿಟ್ಟರೆ ಉಳಿಯುವುದು ಗುರುತ್ವವೊಂದೇ ಎಂದು ಹಿಂದಿನ ದಿನದ ವಿಡಿಯೊ ಬಿಡಿಸಿ ಬಿಡಿಸಿ ಹೇಳಿತ್ತು. ಅಷ್ಟು ಏಕಾಗ್ರತೆಯಿಂದ ನೋಡಿದ ಮಕ್ಕಳ ಮನಸ್ಸಿಗೆ ಅದು ಇಳಿಯಲಿಲ್ಲವೇಕೆ? ನೀವೆಲ್ಲ ತರಗತಿಯಲ್ಲಿ ವಿಡಿಯೊವನ್ನು ಹೇಗೆ ಬಳಸುತ್ತಿದ್ದೀರಿ?

ಉಪನ್ಯಾಸಕ, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ):

ಮೇಡಂ, ನೀವು ಕಂಡದ್ದನ್ನು ಬಹುಮಟ್ಟಿಗೆ ಹಾಗೆಯೇ ಕಂಡು, ಅದರ ಬೆನ್ನುಹತ್ತಿದ ಸಂಶೋಧಕರೊಬ್ಬರಿದ್ದಾರೆ. ಇಂದು ವಿಜ್ಞಾನ ವಿಡಿಯೊಗಳಿಂದ ಹೆಸರಾಗಿರುವ ಡೆರೆಕ್ ಮುಲ್ಲರ್ ಅವರು 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧ ಭೌತವಿಜ್ಞಾನದ ವಿಡಿಯೊಗಳನ್ನು ಕುರಿತದ್ದೇ. ವಿಷಯವನ್ನು ನೇರವಾಗಿ, ಅಚ್ಚುಕಟ್ಟಾಗಿ ವಿವರಿಸುವ ವಿಡಿಯೊವನ್ನು ಅವರು ಕೆಲವು ವಿದ್ಯಾರ್ಥಿಗಳಿಗೆ ತೋರಿಸಿದರು. ಬೇರೆ ಕೆಲವರಿಗೆ ತೋರಿಸಿದ ವಿಡಿಯೊದಲ್ಲಿ ಒಬ್ಬ ವಿದ್ಯಾರ್ಥಿ ಸಾಮಾನ್ಯವಾಗಿ ಎಲ್ಲರೂ ನಂಬಿರುವ ತಪ್ಪು ಕಲ್ಪನೆಯನ್ನು ಬಾಯಿಬಿಟ್ಟು ಹೇಳುತ್ತಾನೆ, ಇನ್ನೊಬ್ಬರು ಅದನ್ನು ಪ್ರಶ್ನಿಸುತ್ತ ಹೋಗುತ್ತಾರೆ. ಮೊದಲ ಗುಂಪಿನವರು ತಾವು ನೋಡಿದ ವಿಡಿಯೊ ಬಹಳ ಸ್ಪಷ್ಟವಾಗಿದೆ, ಸುಲಭವಾಗಿದೆ ಎಂದರು. ಆದರೆ ನೋಡುವ ಮೊದಲು ಮತ್ತು ನೋಡಿದ ನಂತರ ಕೊಟ್ಟ ಪರೀಕ್ಷೆಗಳಲ್ಲಿ ಅವರ ಅಂಕಗಳು ಹೆಚ್ಚೇನೂ ಮೇಲೇರಲಿಲ್ಲ. ಎರಡನೆಯ ಗುಂಪಿನವರಿಗೆ ವಿಡಿಯೊ ಗೊಂದಲಮಯವೆನಿಸಿತು, ತಲೆಗೆ ಹೆಚ್ಚು ಕೆಲಸ ಕೊಟ್ಟಿತು, ಆದರೆ ಕಲಿತವರು ಅವರೇ.

ಇದಕ್ಕೆ ಕಾರಣ ಕಷ್ಟದ್ದೇನಲ್ಲ. ಎಸೆದ ಚೆಂಡಿನಲ್ಲಿ ಕೈಯ ಬಲ ಉಳಿದುಕೊಂಡು ಕ್ರಮೇಣ ಕರಗುತ್ತದೆ ಎಂಬ ತಿಳಿವಳಿಕೆ ಮಗುವಿನಲ್ಲಿ ಮೊದಲೇ ಬೇರೂರಿರುತ್ತದೆ. ಚೆಂದದ ವಿವರಣೆಯನ್ನು ಕೇಳುವಾಗ ಪರಿಚಿತ ಮಾತುಗಳು ಬರುತ್ತಲೇ ‘ಇದು ನನಗೆ ಗೊತ್ತಿರುವುದೇ’ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ; ತನ್ನ ತಿಳಿವಳಿಕೆಗೂ ವಿಡಿಯೊದ ಮಾತಿಗೂ ಇರುವ ವಿರೋಧವನ್ನು ಅದು ಗಮನಿಸುವುದೇ ಇಲ್ಲ. ನಿಮ್ಮ ತರಗತಿ ಒಕ್ಕೊರಲಿನಿಂದ ಹೌದು ಎಂದದ್ದು ಪ್ರಾಮಾಣಿಕವಾದ ಉತ್ತರ. ತಮಗೆ ಅರ್ಥವಾಗಿದೆ ಎಂದೇ ಆ ಮಕ್ಕಳು ನಂಬಿದ್ದರು.

ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊಂದಿಕೊಳ್ಳುತ್ತದೆ. ಅದು ತರಗತಿಯ ಪ್ರಾತ್ಯಕ್ಷಿಕೆಗಳನ್ನು ಕುರಿತದ್ದಾದರೂ ವಿಡಿಯೊಗೂ ಸಲ್ಲುತ್ತದೆ. ಪ್ರಾತ್ಯಕ್ಷಿಕೆಯನ್ನು ಸುಮ್ಮನೆ ನೋಡಿದವರು, ನೋಡದೆ ಇದ್ದವರಿಗಿಂತ ಹೆಚ್ಚೇನೂ ಮುಂದಿರಲಿಲ್ಲ. ಏನಾಗಬಹುದು ಎಂದು ಮೊದಲೇ ಊಹಿಸಿ ದಾಖಲಿಸಿದವರು ಮುಂದಿದ್ದರು. ಊಹೆಯನ್ನು ಪಕ್ಕದವರೊಂದಿಗೆ ಚರ್ಚಿಸಿದವರು ಇನ್ನೂ ಮುಂದಿದ್ದರು. ನಮ್ಮ ತರಬೇತಿಗಳಲ್ಲಿ ‘ಊಹಿಸು, ವೀಕ್ಷಿಸು, ವಿವರಿಸು’ ಎಂದು ಹೇಳುತ್ತೇವಲ್ಲ, ವಿಡಿಯೊ ಹಾಕಿದ ಕೂಡಲೇ ಅದರ ಮೊದಲ ಹೆಜ್ಜೆಯನ್ನು ನಾವು ಕೈಬಿಟ್ಟುಬಿಡುತ್ತೇವೆ.

ನಿವೃತ್ತ ಮುಖ್ಯಶಿಕ್ಷಕ, ರಾಯಚೂರು ಜಿಲ್ಲೆ:

ಶಾಲೆಗೆ ವಿಡಿಯೊ ಬಂದದ್ದು ಸ್ಮಾರ್ಟ್ ಟಿವಿಯ ಕಾಲದಲ್ಲಿ ಎಂದು ಕಿರಿಯ ಶಿಕ್ಷಕರು ತಿಳಿದಿರುವುದುಂಟು. ನಮ್ಮ ಭಾಗಕ್ಕೆ ಅದು 1975ರಲ್ಲೇ ಬಂದಿತ್ತು. ಆ ವರ್ಷದ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಸಂಸ್ಥೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಅಂದಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ದೊಡ್ಡ ಆಂಟೆನಾ ಸಂಕೇತಗಳನ್ನು ನೇರವಾಗಿ ಉಪಗ್ರಹದಿಂದ ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲಾ ಮಕ್ಕಳ ಕಾರ್ಯಕ್ರಮ, ಸಂಜೆ ಊರವರಿಗೆ ಕೃಷಿ ಮತ್ತು ಆರೋಗ್ಯದ ಕಾರ್ಯಕ್ರಮ. ನಾನು ಆಗ ನೆಲದ ಮೇಲೆ ಕುಳಿತು ನೋಡುತ್ತಿದ್ದ ಹುಡುಗರಲ್ಲೊಬ್ಬ.

ಮುಂದೆ ಶಿಕ್ಷಕನಾದ ಮೇಲೆ ಆ ಪ್ರಯೋಗದ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಮಕ್ಕಳಿಗೆ ಕಾರ್ಯಕ್ರಮ ತೋರಿಸುವುದರ ಜೊತೆಗೆ, ಅದೇ ಉಪಗ್ರಹದ ಮೂಲಕ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಟ್ಟರು. ಟಿವಿ ಇಟ್ಟರೆ ಸಾಲದು, ಅದರ ಪಕ್ಕದಲ್ಲಿ ನಿಲ್ಲುವವರನ್ನೂ ಸಿದ್ಧಗೊಳಿಸಬೇಕು ಎಂಬ ವಿವೇಕ ಐವತ್ತು ವರ್ಷಗಳ ಹಿಂದೆಯೇ ಇತ್ತು. ನಂತರ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ತಲುಪಿದವು. ಆದರೆ ಆ ಪ್ರಸಾರಗಳಿಗೆಲ್ಲ ಒಂದು ಮಿತಿಯಿತ್ತು: ಪಾಠ ಅದರ ಪಾಡಿಗೆ ಓಡುತ್ತಿತ್ತು, ಮಗು ಹಿಂದುಳಿದರೂ ಅದು ಕಾಯುತ್ತಿರಲಿಲ್ಲ. ಈಗ ನಿಲ್ಲಿಸುವ ಗುಂಡಿ ಶಿಕ್ಷಕರ ಕೈಯಲ್ಲೇ ಇದೆ. ಇಷ್ಟಾದರೂ ತರಗತಿಗಳಲ್ಲಿ ವಿಡಿಯೊವನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓಡಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸಿ.ಬಿ.ಝಡ್. (ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಶಿಕ್ಷಕ, ದಕ್ಷಿಣ ಕನ್ನಡ:

ಗುರುಗಳ ಮಾತಿಗೆ ಜೀವವಿಜ್ಞಾನದ ಕಡೆಯಿಂದ ಒಂದು ಅನುಭವ ಸೇರಿಸುತ್ತೇನೆ. ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಹೃದಯದ ಭಾಗವಿದೆ. ರಕ್ತ ಬಲ ಹೃತ್ಕರ್ಣಕ್ಕೆ ಬಂದು, ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಕ್ಕೆ ಹೋಗಿ, ಎಡಭಾಗಕ್ಕೆ ಮರಳುವ ಈ ಸುತ್ತಾಟವನ್ನು ಕಪ್ಪುಹಲಗೆಯ ಸ್ಥಿರ ಚಿತ್ರದಲ್ಲಿ ಎಷ್ಟು ಸಲ ಬೆರಳಾಡಿಸಿ ತೋರಿಸಿದರೂ ಮಕ್ಕಳಿಗೆ ಕವಾಟಗಳ ಕೆಲಸ ಹಿಡಿತಕ್ಕೆ ಸಿಗುವುದಿಲ್ಲ. ಅನಿಮೇಷನ್‌ನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಇಲ್ಲಿ ವಿಡಿಯೊಗೆ ಸಾಟಿಯಿಲ್ಲ.

ಆದರೆ ನಾನು ನೋಡಿದ ಹೃದಯದ ಅನಿಮೇಷನ್‌ಗಳಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಕಡುನೀಲಿಯಲ್ಲಿ ತೋರಿಸಿರುತ್ತಾರೆ. ಅಭಿಧಮನಿಗಳಲ್ಲಿ, ಅಂದರೆ ಹೃದಯಕ್ಕೆ ರಕ್ತವನ್ನು ಮರಳಿ ತರುವ ನಾಳಗಳಲ್ಲಿ, ನೀಲಿ ರಕ್ತ ಹರಿಯುತ್ತದೆ ಎಂದೇ ಮಕ್ಕಳು ನಂಬುತ್ತಾರೆ. ಮುಂಗೈಯಲ್ಲಿ ಕಾಣುವ ನೀಲಿ ನರಗಳನ್ನು ತೋರಿಸಿ ‘ನೋಡಿ ಸರ್, ನಿಜ’ ಎಂದು ವಾದಿಸುವವರೂ ಉಂಟು. ಹಾಗಾಗಿ ನಾನು ಆ ದೃಶ್ಯ ಬಂದಾಗ ವಿಡಿಯೊ ನಿಲ್ಲಿಸಿ, ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡವರು ಯಾರು ಎಂದು ಕೇಳುತ್ತೇನೆ. ನಾಲ್ಕಾರು ಕೈಗಳು ಮೇಲೇಳುತ್ತವೆ. ಸಿರಿಂಜಿನಲ್ಲಿ ಕಂಡ ಬಣ್ಣ ಯಾವುದು? ಕಡುಗೆಂಪು. ಸೂಜಿ ಚುಚ್ಚಿದ್ದು ಎಲ್ಲಿಗೆ? ಮೊಣಕೈಯ ಒಳಬದಿಯ ಅಭಿಧಮನಿಗೆ. ಹಾಗಾದರೆ ವಿಡಿಯೊ ನೀಲಿ ಬಳಿದದ್ದೇಕೆ? ಗುರುತಿಗಾಗಿ ಬಳಿದ ಬಣ್ಣವನ್ನೂ ವಸ್ತುವಿನ ನಿಜವಾದ ಬಣ್ಣವನ್ನೂ ಬೇರೆ ಮಾಡಿ ನೋಡುವುದು ಈ ಪಾಠದೊಳಗೇ ಅಡಗಿರುವ ಇನ್ನೊಂದು ವಿಜ್ಞಾನ ಪಾಠ. ಆ ಮೂರು ನಿಮಿಷಗಳನ್ನು ನಾನು ಬಿಟ್ಟುಕೊಡುವುದಿಲ್ಲ.

ಇನ್ನೊಂದು ಮಾತು. ಅಮೀಬಾ ಮಿಥ್ಯಪಾದ ಚಾಚಿ ಆಹಾರ ಹಿಡಿಯುವುದನ್ನು, ಕೋಶ ವಿಭಜನೆಯನ್ನು, ಪರಾಗನಳಿಕೆ ಬೆಳೆಯುವುದನ್ನು ಧಾರಾಳವಾಗಿ ವಿಡಿಯೊದಲ್ಲಿ ತೋರಿಸೋಣ. ಈರುಳ್ಳಿ ಸಿಪ್ಪೆಯ ಕೋಶಗಳನ್ನು ಮಾತ್ರ ದಯವಿಟ್ಟು ತೋರಿಸಬೇಡಿ. ಸೂಕ್ಷ್ಮದರ್ಶಕ ಒಂದೇ ಇದ್ದರೂ ಸರದಿಯಲ್ಲಿ ನಿಲ್ಲಿಸಿ. ಪೊರೆಯನ್ನು ಹರಿಯದಂತೆ ಬಿಡಿಸಿ, ಗಾಳಿಗುಳ್ಳೆ ಬರದಂತೆ ಕವರ್ ಸ್ಲಿಪ್ ಇಳಿಸಿ, ಮಸುಕು ಕಾಣುತ್ತಿದ್ದದ್ದು ತಿರುಪು ತಿರುಗಿಸುತ್ತಲೇ ಇಟ್ಟಿಗೆ ಜೋಡಿಸಿದಂತೆ ಸ್ಪಷ್ಟವಾಗುವ ಆ ಕ್ಷಣ ಮಗುವಿಗೆ ಸ್ವಂತದ್ದಾಗಬೇಕು.

ಪೋಷಕಿ, ಬೆಂಗಳೂರು:

ಈ ಚರ್ಚೆಯನ್ನು ಓದಿ ಬರೆಯಬೇಕೆನಿಸಿತು. ನನ್ನ ಮಗ ಓದುವ ಖಾಸಗಿ ಶಾಲೆಯಲ್ಲಿ ಪ್ರತಿ ತರಗತಿಯಲ್ಲೂ ಡಿಜಿಟಲ್ ಬೋರ್ಡ್ ಇದೆ, ಪ್ರಯೋಗಾಲಯ ಮಾತ್ರ ಹೆಚ್ಚಾಗಿ ಬೀಗ ಹಾಕಿರುತ್ತದೆ. ಲಿಟ್ಮಸ್ ಕಾಗದವನ್ನು ನಿಂಬೆರಸದಲ್ಲಿ ಅದ್ದುವ ಪ್ರಯೋಗವನ್ನೂ ಮಕ್ಕಳು ಪರದೆಯ ಮೇಲೆಯೇ ನೋಡಿದ್ದಾರೆ. ಸೋಡಿಯಂ ತುಂಡನ್ನು ನೀರಿಗೆ ಹಾಕುವುದನ್ನು ವಿಡಿಯೊದಲ್ಲಿ ತೋರಿಸಿದರೆ ನಾನು ಆಕ್ಷೇಪಿಸುವುದಿಲ್ಲ, ಅದು ಅಪಾಯಕಾರಿ. ನಿಂಬೆರಸದಲ್ಲಿ ಯಾವ ಅಪಾಯವಿದೆ?

ಆಕಾಶದ ವಿಷಯದಲ್ಲೂ ಹೀಗೆಯೇ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ಮತ್ತು ಆಗಸ್ಟ್ 18ರ ಸುಮಾರಿಗೆ ಒಂದು ದಿನ ಬೆಂಗಳೂರಿನಲ್ಲಿ ನಡುಹಗಲು ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಮಾಯವಾಗುತ್ತದೆ. ಆಗಸ್ಟ್ 18ಕ್ಕೆ ಶಾಲೆ ನಡೆಯುತ್ತಿರುತ್ತದೆ, ಮೋಡವಿಲ್ಲದಿದ್ದರೆ ಮಕ್ಕಳನ್ನು ಅಂಗಳಕ್ಕೆ ಬಿಟ್ಟರೆ ಸಾಕು. ಶಾಲೆಯವರು ಅದನ್ನೂ ಒಳಗೆ ಕೂರಿಸಿ ವಿಡಿಯೊದಲ್ಲಿ ತೋರಿಸಿದರು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ದಕ್ಷಿಣ ಕನ್ನಡ, ಕೊಡಗಿನ ಆಕಾಶದಲ್ಲೇ ಕಾಣುತ್ತಿದ್ದಾಗ ಬಾಗಿಲು ಹಾಕಿಕೊಂಡು ಟಿವಿಯಲ್ಲಿ ನೋಡಿದ ಬಂಧುಗಳು ನನಗಿದ್ದಾರೆ. ಮನೆಯವರ ಭಯ ಅರ್ಥವಾಗುತ್ತದೆ. ಶಾಲೆ ಹಾಗೆ ಮಾಡಬಾರದು.

ಸಹಶಿಕ್ಷಕ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಯಾದಗಿರಿ ಜಿಲ್ಲೆ:

ಮೇಲಿನವರೆಲ್ಲರ ಮಾತನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ನಮ್ಮಲ್ಲಿ ಬೀಗ ಹಾಕಲಾದರೂ ಪ್ರಯೋಗಾಲಯವಿಲ್ಲ. ಆರು ಮತ್ತು ಏಳನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ನಾನೊಬ್ಬನೇ ಪಾಠ ಮಾಡುತ್ತೇನೆ. ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆಗಳ ಕೆಲಸವೂ ನನ್ನದೇ. ವಿಡಿಯೊಗಳನ್ನು ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್ ಡ್ರೈವ್‌ನಲ್ಲಿ ತರುತ್ತೇನೆ, ಕರೆಂಟ್ ಇದ್ದರೆ ತೋರಿಸುತ್ತೇನೆ. ಸಮುದ್ರ, ಹಿಮನದಿ, ಜ್ವಾಲಾಮುಖಿ, ರಾಕೆಟ್ ಇವುಗಳನ್ನು ನನ್ನ ಮಕ್ಕಳು ಮೊದಲು ಕಂಡದ್ದು ಆ ಪರದೆಯ ಮೇಲೆಯೇ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ನೋಡಲು ಊರಿಗೆ ಊರೇ ಶಾಲೆಯಲ್ಲಿ ಸೇರಿತ್ತು. ಮರುದಿನ ಮಕ್ಕಳು ಕೇಳಿದ ಪ್ರಶ್ನೆಗಳು ಯಾವ ಪಠ್ಯದಲ್ಲೂ ಇರಲಿಲ್ಲ: ಅಲ್ಲಿ ಗಾಳಿಯಿಲ್ಲದಿದ್ದರೆ ಪ್ಯಾರಾಚೂಟ್ ಕೆಲಸ ಮಾಡುತ್ತದೆಯೇ? ಹಾಗಾದರೆ ಅದು ವೇಗವನ್ನು ತಗ್ಗಿಸಿಕೊಂಡದ್ದು ಹೇಗೆ?

ಸಿಡ್ನಿ, ಹಾರ್ವರ್ಡ್‌ಗಳ ಅಧ್ಯಯನಗಳು ಸರಿಯಿರಬಹುದು. ಆದರೆ ಅಲ್ಲಿನ ವಿದ್ಯಾರ್ಥಿಗಳು ಆ ವಸ್ತುಗಳನ್ನು ಅದಾಗಲೇ ಕಂಡಿರುತ್ತಾರೆ. ಏನನ್ನೂ ಕಾಣದ ಮಗುವಿಗೆ ಮೊದಲು ಕಾಣಿಸಬೇಕು. ಬೆರಗು ಮೊದಲು, ಊಹೆ ಆಮೇಲೆ. ವಿಡಿಯೊ ಕೆಟ್ಟದ್ದು ಎಂಬ ಧ್ವನಿ ಈ ಚರ್ಚೆಯಿಂದ ಹೊರಟರೆ, ಇರುವ ಒಂದು ಟಿವಿಯನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಲು ನೆಪ ಸಿಕ್ಕಂತಾಗುತ್ತದೆ.

ಉಪನ್ಯಾಸಕ, ಡಯಟ್:

ಸರ್, ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಆ ಅಧ್ಯಯನಗಳು ಪರಿಕಲ್ಪನೆಗಳನ್ನು ಕುರಿತವು, ಮೊದಲ ದರ್ಶನವನ್ನು ಕುರಿತವಲ್ಲ. ಜ್ವಾಲಾಮುಖಿ ಎಂದರೇನು ಎಂದು ಕಾಣಿಸುವುದು ಒಂದು ಕೆಲಸ, ಚೆಂಡಿನ ಮೇಲಿನ ಬಲವನ್ನು ಗ್ರಹಿಸುವಂತೆ ಮಾಡುವುದು ಇನ್ನೊಂದು. ಎರಡಕ್ಕೂ ಒಂದೇ ವಿಧಾನ ಸಲ್ಲದು. ಪ್ಯಾರಾಚೂಟ್ ಬಗ್ಗೆ ಕೇಳಿದ ನಿಮ್ಮ ಮಕ್ಕಳು ಆ ಬೆರಗಿನಿಂದಲೇ ಎರಡನೆಯ ಕೆಲಸಕ್ಕೆ ದಾಟಿದ್ದಾರೆ ಎಂಬುದನ್ನೂ ಗಮನಿಸಿ.

ಕನ್ನಡದಲ್ಲಿ ವಿಜ್ಞಾನ ವಿಡಿಯೊ ಮಾಡುವವರು, ಮೈಸೂರು:

ತಯಾರಿಸುವವರ ಕಡೆಯಿಂದ ಎರಡು ಮಾತು. ನಾವು ಬಿಡಿಸುವ ಚಿತ್ರಗಳೇ ಎಷ್ಟೋ ತಪ್ಪು ಕಲ್ಪನೆಗಳನ್ನು ಬಿತ್ತುತ್ತವೆ. ಋತುಗಳ ವಿಡಿಯೊವನ್ನೇ ನೋಡಿ. ಭೂಮಿಯ ಕಕ್ಷೆಯನ್ನು ಓರೆಯಿಂದ ತೋರಿಸುವುದರಿಂದ ಅದು ಉದ್ದನೆಯ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ, ಸೂರ್ಯನ ಹತ್ತಿರ ಬಂದಾಗ ಬೇಸಿಗೆ ಎಂದು ಮಗು ತೀರ್ಮಾನಿಸುತ್ತದೆ. ವಾಸ್ತವದಲ್ಲಿ ಆ ಕಕ್ಷೆ ಹೆಚ್ಚುಕಡಿಮೆ ವೃತ್ತವೇ. ಭೂಮಿ ಸೂರ್ಯನಿಗೆ ಅತಿ ಹತ್ತಿರ, ಅಂದರೆ ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿರುವುದು ನಾವು ಚಳಿಯಿಂದ ನಡುಗುವ ಜನವರಿಯ ಮೊದಲ ವಾರದಲ್ಲಿ. ಅತಿ ದೂರ, ಅಂದರೆ ಸುಮಾರು 15.2 ಕೋಟಿ ಕಿ.ಮೀ. ದೂರದಲ್ಲಿರುವುದು ಜುಲೈನಲ್ಲಿ. ಋತುಗಳಿಗೆ ಕಾರಣ ಅಕ್ಷದ 23.5 ಡಿಗ್ರಿ ಓರೆ. ಈ ಎರಡು ದಿನಾಂಕಗಳನ್ನು ವಿಡಿಯೊದ ಮೊದಲೇ ಹೇಳಿ, ‘ಹಾಗಾದರೆ ಜನವರಿಯಲ್ಲಿ ಚಳಿ ಏಕೆ?’ ಎಂದು ಕೇಳಿ ಅಲ್ಲಿಯೇ ಸ್ವಲ್ಪ ಹೊತ್ತು ಸುಮ್ಮನಿರುವ ಧೈರ್ಯ ನಮಗೆ ಬರಬೇಕು. ಕ್ಷಣ ಮೌನವಾದರೂ ಪ್ರೇಕ್ಷಕರು ಹೊರಟುಹೋಗುತ್ತಾರೆ ಎಂಬ ಅಂಜಿಕೆಯಿಂದ ನಾವು ಸಂಗೀತ ತುಂಬುತ್ತೇವೆ, ಮಾತಿನ ವೇಗ ಹೆಚ್ಚಿಸುತ್ತೇವೆ.

ಸೌರಮಂಡಲದ ಅಳತೆಯೂ ಹೀಗೆಯೇ. ಯಾವ ಪರದೆಯಲ್ಲೂ ಅದನ್ನು ನಿಜವಾದ ಪ್ರಮಾಣದಲ್ಲಿ ತೋರಿಸಲಾಗದು. ಸೂರ್ಯನನ್ನು ಒಂದು ಮೀಟರ್ ಅಗಲದ ವೃತ್ತವಾಗಿ ಗೋಡೆಯ ಮೇಲೆ ಬರೆದರೆ ಭೂಮಿ ಸುಮಾರು ಒಂಬತ್ತು ಮಿಲಿಮೀಟರ್ ಆಗುತ್ತದೆ, ಅದನ್ನು 107 ಮೀಟರ್ ದೂರದಲ್ಲಿ ಇಡಬೇಕಾಗುತ್ತದೆ. ನನ್ನ ವಿಡಿಯೊದಲ್ಲಿ ಇದನ್ನು ಹೇಳಿ, ‘ಈಗ ವಿಡಿಯೊ ನಿಲ್ಲಿಸಿ ಮೈದಾನಕ್ಕೆ ಹೋಗಿ’ ಎಂದು ಸೂಚಿಸುತ್ತೇನೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತ ಅವರ ಪುಟ್ಟ ವಿಡಿಯೊಗಳನ್ನು ನಾನು ಮಾದರಿ ಎಂದುಕೊಂಡಿರುವುದು ಇದೇ ಕಾರಣಕ್ಕೆ. ನೋಡಿದ ಮಗು ಮುಂದಿನ ಕ್ಷಣ ಸ್ಟ್ರಾ, ಬೆಂಕಿಪೊಟ್ಟಣ, ಹಳೆಯ ಸೈಕಲ್ ಟ್ಯೂಬ್ ಹುಡುಕುತ್ತದೆ.

ಪಿ.ಸಿ.ಎಂ. ಶಿಕ್ಷಕಿ, ಹಾವೇರಿ ಜಿಲ್ಲೆ:

ಎಲ್ಲರಿಗೂ ಕೃತಜ್ಞತೆಗಳು. ಈ ಸಲಹೆಗಳನ್ನು ಇಟ್ಟುಕೊಂಡು ಗುರುತ್ವದ ಪಾಠವನ್ನು ಬೇರೆ ರೀತಿಯಲ್ಲಿ ಮಾಡಿದೆ, ವಿವರವಾಗಿ ಬರೆಯುತ್ತೇನೆ.

ಆರಿಸಿಕೊಂಡದ್ದು ಒಂದು ಚಿಕ್ಕ ತುಣುಕು. 1971ರ ಆಗಸ್ಟ್ 2ರಂದು ಅಪೊಲೊ-15ರ ಗಗನಯಾನಿ ಡೇವಿಡ್ ಸ್ಕಾಟ್ ಚಂದ್ರನ ನೆಲದ ಮೇಲೆ ನಿಂತು ಒಂದು ಕೈಯಿಂದ 1.32 ಕಿಲೊ ತೂಕದ ಸುತ್ತಿಗೆಯನ್ನೂ ಇನ್ನೊಂದು ಕೈಯಿಂದ ಗಿಡುಗದ ಗರಿಯನ್ನೂ ಒಟ್ಟಿಗೆ ಬಿಡುವ ದೃಶ್ಯ. ಎರಡೂ ಕೈಗಳನ್ನು ಚಾಚಿದ ಕೂಡಲೇ ವಿಡಿಯೊ ನಿಲ್ಲಿಸಿದೆ. ಯಾವುದು ಮೊದಲು ನೆಲ ಮುಟ್ಟುತ್ತದೆ, ಏಕೆ, ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದವರಿಗೆ ಓದಿ ಹೇಳಿ ಎಂದೆ. ಹೆಚ್ಚಿನವರು ಸುತ್ತಿಗೆ ಎಂದರು. ಕೆಲವರು ಎರಡೂ ಒಟ್ಟಿಗೆ ಎಂದರು, ಕಾರಣ ಬರೆಯಲಾಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಚಂದ್ರನ ಮೇಲೆ ಗುರುತ್ವವೇ ಇಲ್ಲ, ಆದ್ದರಿಂದ ಎರಡೂ ಅಲ್ಲೇ ತೇಲುತ್ತವೆ ಎಂದಳು. ಅವಳ ಮಾತು ಕೇಳಿ ಮೊದಲು ಸುತ್ತಿಗೆ ಎಂದಿದ್ದ ಹಲವರು ಉತ್ತರ ಬದಲಾಯಿಸಿಕೊಂಡರು. ಹಾಗಾದರೆ ಆ ಗಗನಯಾನಿ ಮಾತ್ರ ನೆಲದ ಮೇಲೆ ನಿಂತಿರುವುದು ಹೇಗೆ ಎಂದು ಇನ್ನೊಬ್ಬ ಕೇಳಿದ. ಈ ವಾದಕ್ಕೆ ಹತ್ತು ನಿಮಿಷ ಹೋಯಿತು, ನಾನು ತಡೆಯಲಿಲ್ಲ.

ವಿಡಿಯೊ ಮುಂದುವರಿಸಿದಾಗ ಸುತ್ತಿಗೆಯೂ ಗರಿಯೂ ಒಟ್ಟಿಗೆ ಬಿದ್ದವು, ಆದರೆ ನಿಧಾನವಾಗಿ. ಮಕ್ಕಳು ಇನ್ನೊಮ್ಮೆ ಹಾಕಿಸಿದರು. ಈ ಬಾರಿ ಧ್ವನಿ ಮುಚ್ಚಿ ಬೀಳುವ ಸಮಯವನ್ನು ಅಂದಾಜಿಸಿದೆವು. ಸುಮಾರು 1.6 ಮೀಟರ್ ಎತ್ತರದಿಂದ ಬೀಳಲು ಚಂದ್ರನ ಮೇಲೆ ಸುಮಾರು 1.4 ಸೆಕೆಂಡ್ ಬೇಕು, ಇಲ್ಲಿ 0.6 ಸೆಕೆಂಡಿಗೂ ಕಡಿಮೆ. ಹಲಗೆಯ ಮೇಲೆ ಸೂತ್ರ ಬರೆದು ಲೆಕ್ಕ ಮಾಡಿದೆವು. ಗುರುತ್ವ ಇದೆ, ನಮ್ಮಲ್ಲಿನ ಸುಮಾರು ಆರನೆಯ ಒಂದು ಪಾಲು ಇದೆ ಎಂಬುದು ಆ ಹುಡುಗಿಯ ಬಾಯಿಂದಲೇ ಬಂತು. ಆಮೇಲೆ ಟಿವಿ ಆರಿಸಿ, ಪುಸ್ತಕವನ್ನೂ ಕಾಗದದ ಚೂರನ್ನೂ ಬೇರೆ ಬೇರೆಯಾಗಿ ಬೀಳಿಸಿದೆವು. ನಂತರ ಕಾಗದವನ್ನು ಪುಸ್ತಕದ ಮೇಲೆ ಅಂಟಿಸದೆ ಇಟ್ಟು ಬೀಳಿಸಿದೆವು. ಕಾಗದ ಪುಸ್ತಕದ ಜೊತೆಗೇ ಇಳಿಯಿತು. ಗಾಳಿಯ ಪಾತ್ರವನ್ನು ನಾನು ವಿವರಿಸಬೇಕಾಗಲಿಲ್ಲ. ಒಂದು ನಿಮಿಷವೂ ಇಲ್ಲದ ವಿಡಿಯೊ, ನಲವತ್ತು ನಿಮಿಷದ ಪಿರಿಯಡ್ ಸಾಲಲಿಲ್ಲ.

ಪಠ್ಯ ಮುಗಿಸುವ ಒತ್ತಡದಲ್ಲಿ ಪ್ರತಿ ಪಾಠಕ್ಕೂ ಹೀಗೆ ಮಾಡಲಾಗದು ಎಂಬುದು ನಿಜ. ಘಟಕಕ್ಕೆ ಒಂದು ಸಲ ಎಂದು ಇಟ್ಟುಕೊಂಡಿದ್ದೇನೆ. ಒಂದು ಸಂದೇಹ ಉಳಿದಿದೆ. ನನ್ನ ತರಗತಿಯಲ್ಲಿ ದೃಷ್ಟಿದೋಷವಿರುವ ಒಬ್ಬ ವಿದ್ಯಾರ್ಥಿಯಿದ್ದಾನೆ. ಇಂಥ ಪಾಠದಲ್ಲಿ ಅವನನ್ನು ಹೇಗೆ ಸೇರಿಸಿಕೊಳ್ಳಲಿ?

ಬಿ.ಐ.ಇ.ಆರ್.ಟಿ. (ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರು), ಧಾರವಾಡ ಜಿಲ್ಲೆ:

ಮೇಡಂ, ವಿಡಿಯೊ ನಿಲ್ಲಿಸಿದ ಕ್ಷಣದಲ್ಲಿ ಪರದೆಯ ಮೇಲೆ ಏನಿದೆ ಎಂದು ಸಹಪಾಠಿಯೊಬ್ಬರು ಅವನಿಗೆ ಗಟ್ಟಿಯಾಗಿ ವರ್ಣಿಸಲಿ, ಪ್ರತಿ ಸಲ ಬೇರೆಯವರು. ವರ್ಣಿಸುವ ಮಗು ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿ ಹೇಳಬೇಕಾಗುತ್ತದೆ, ಹಾಗಾಗಿ ಕೇಳುವ ಇಡೀ ತರಗತಿಗೂ ಅದು ಉಪಯೋಗಕ್ಕೆ ಬರುತ್ತದೆ. ಸುತ್ತಿಗೆ ಮತ್ತು ಗರಿಯನ್ನು ಪಾಠಕ್ಕೆ ಮೊದಲೇ ಅವನ ಕೈಗೆ ಕೊಡಿ. ಪುಸ್ತಕ ಮತ್ತು ಕಾಗದದ ಪ್ರಯೋಗವನ್ನು ಅವನೇ ಮಾಡಲಿ. ಕಾಗದದ ಬದಲು ತೆಳುವಾದ ರಟ್ಟಿನ ಚೂರು ಬಳಸಿದರೆ, ಬೇರೆಯಾಗಿ ಬಿಟ್ಟಾಗ ಎರಡು ಸದ್ದು, ಮೇಲಿಟ್ಟು ಬಿಟ್ಟಾಗ ಒಂದೇ ಸದ್ದು ಕೇಳುತ್ತದೆ. ಶ್ರವಣದೋಷವಿರುವ ಮಕ್ಕಳಿದ್ದರೆ ವಿಡಿಯೊ ಓಡುತ್ತಿರುವಾಗ ನೀವು ಮಾತನಾಡಬೇಡಿ, ಅವರು ಏಕಕಾಲಕ್ಕೆ ನಿಮ್ಮ ತುಟಿಯನ್ನೂ ಪರದೆಯನ್ನೂ ನೋಡಲಾರರು. ನಿಲ್ಲಿಸಿ, ಅವರ ಕಡೆ ತಿರುಗಿ ಹೇಳಿ, ಮತ್ತೆ ಓಡಿಸಿ. ಹೃದಯದ ಪಾಠಕ್ಕೆ ಮುಟ್ಟಿ ನೋಡಬಹುದಾದ ಬಿಡಿಭಾಗಗಳ ಮಾದರಿ ಬೇಕಿದ್ದರೆ ನಿಮ್ಮ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಇಲ್ಲದಿದ್ದರೆ ಜೇಡಿಮಣ್ಣಿನಲ್ಲಿ ನಾಲ್ಕು ಕೋಣೆಗಳನ್ನು ಮಾಡಿ, ಕವಾಟದ ಜಾಗದಲ್ಲಿ ಒಂದೇ ಕಡೆಗೆ ತೆರೆಯುವ ರಬ್ಬರ್ ತುಂಡು ಇಡುವ ವಿಧಾನವನ್ನು ನಾನೇ ಬರೆದು ಇಲ್ಲಿ ಹಾಕುತ್ತೇನೆ.